ಮಾತೆಯ ಮಾಡಿಗೆ ದೋಣಿಯ ಹೊದಿಕೆ

ನನ್ನ ಮಗಳ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟ ಡಾಕ್ಟರು ಬಹಳ ಹೊತ್ತಾದರೂ ಅದನ್ನು ತೆಗೆಯಲಿಲ್ಲ. ಒಮ್ಮೆ ಬೆನ್ನಿಗಿಟ್ಟರು, ಮತ್ತೆ ಎದೆಗೇ ತಂದರು. ಲೀನಾ ಕಚಗುಳಿಯಾಗಿ ನಗುತ್ತಿದ್ದಳು. ಅದು 2006ರ ಆರಂಭ, ಕ್ರಿಸ್ಮಸ್ಸಿಗೆ ಕಟ್ಟಿದ ನಕ್ಷತ್ರವನ್ನು ನಾವಿನ್ನೂ ಇಳಿಸಿರಲಿಲ್ಲ. ಕಾರವಾರದ ಆಸ್ಪತ್ರೆಗೆ ನಾವು ಹೋದದ್ದು ಬರೀ ಕೆಮ್ಮಿನ ಔಷಧಿಗೆ.

"ಮಗುವಿಗೆ ಪ್ರತಿ ಮಳೆಗಾಲದಲ್ಲೂ ಜ್ವರ, ಕೆಮ್ಮು ಬರುತ್ತದೆಯೇ?" ಎಂದು ಡಾಕ್ಟರು ಕೇಳಿದರು. ಹೌದೆಂದೆ. "ಆಡುವಾಗ ಬೇಗ ಏದುಸಿರು ಬರುತ್ತದೆಯೇ?" ಅದಕ್ಕೂ ಹೌದೆಂದೆ. ಅವರು ಲೀನಾಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಲು ಹೇಳಿ, ಆಮೇಲೆ ಮೆಲ್ಲಗೆ ಹೇಳಿದರು: "ಹೃದಯದಲ್ಲಿ ತೂತು ಇರುವ ಹಾಗೆ ಕೇಳಿಸುತ್ತದೆ. ಮಂಗಳೂರಿಗೆ ಹೋಗಿ ತೋರಿಸಿ. ತಡ ಮಾಡಬೇಡಿ."

ಮಾತೆಯನ್ನು ನಂಬಿದ ನನ್ನವರೇ, ಇದನ್ನು ಬರೆದುಕೊಡಿ ಎಂದು ನಮ್ಮ ಫಾದರ್ ನನ್ನ ಬೆನ್ನು ಹತ್ತಿ ವರ್ಷಗಳೇ ಆದವು. ನಾನು ಬಟ್ಟೆ ಹೊಲಿಯುವವಳು, ಬರೆಯುವವಳಲ್ಲ. ಅವರ್ಸಾದ ಹತ್ತಿರ ಸಮುದ್ರದ ಬದಿಯ ಕೇರಿಯಲ್ಲಿ ನಮ್ಮ ಮನೆ. ಹೆಸರು ರೋಜಿ. ಗಂಡ ಪಾಸ್ಕು ನೌಕಾನೆಲೆಯ ಗುತ್ತಿಗೆದಾರರ ಹತ್ತಿರ ಗಾರೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಕೇರಿಯಲ್ಲಿ ಕ್ರೈಸ್ತರ ಮನೆ ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಮೀನುಗಾರರ ಮನೆಗಳು. ತೆಂಗಿನ ಮರಗಳ ನಡುವೆ ಮಾತೆ ಮರಿಯಳ ಚಿಕ್ಕ ಇಗರ್ಜಿ ಇದೆ. ಶನಿವಾರ ಅದನ್ನು ಗುಡಿಸಿ, ಪೀಠಕ್ಕೆ ಹೂವಿಡುವ ಕೆಲಸ ನನ್ನದು.

ಮಂಗಳೂರಿನ ಡಾಕ್ಟರು ಪರದೆಯ ಮೇಲೆ ಮಗಳ ಹೃದಯ ಬಡಿಯುವುದನ್ನು ತೋರಿಸಿದರು. ತೂತು ದೊಡ್ಡದೇ ಇತ್ತು. ಎದೆ ತೆರೆದು ಮುಚ್ಚಬೇಕು, ಮುಂದಿನ ಮಳೆಗಾಲಕ್ಕೆ ಮೊದಲೇ ಆಗಬೇಕು, ಇನ್ನೊಂದು ಸಲ ಪುಪ್ಪುಸಕ್ಕೆ ಜ್ವರ ಇಳಿದರೆ ಮಗು ತಡೆಯಲಿಕ್ಕಿಲ್ಲ ಎಂದರು. ಖರ್ಚು ಎಷ್ಟೆಂದು ಪಾಸ್ಕು ಕೇಳಿದರು. ಅದು ನಮ್ಮ ಕೈಗೆ ಎಟುಕುವ ಮಾತಾಗಿರಲಿಲ್ಲ. ರೈಲಿನಲ್ಲಿ ವಾಪಸ್ ಬರುವಾಗ ಲೀನಾ ಕಿಟಕಿಯ ಪಕ್ಕ ಕುಳಿತು ಹೊಳೆ ಬಂದಲ್ಲೆಲ್ಲ "ಮಮ್ಮಿ, ನೋಡು ನೋಡು" ಎನ್ನುತ್ತಿದ್ದಳು. ನಾನು ನೋಡಿದ ಹಾಗೆ ಮಾಡಿದೆ.

ಪಾಸ್ಕು ಯಾರ್ಯಾರ ಬಾಗಿಲಿಗೋ ಹೋಗಿ ಬಂದರು. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರು. "ಫಾದರಿಗಾದರೂ ಹೇಳೋಣ" ಎಂದರು ಪಾಸ್ಕು ಕೊನೆಗೆ. ನಾನು ಬೇಡವೆಂದೆ. ಹೆಣ್ಣುಮಗುವಿನ ಕಾಯಿಲೆ ಊರಿಗೆಲ್ಲ ಗೊತ್ತಾದರೆ ನಾಳೆ ಮದುವೆಯ ಮಾತು ಬಂದಾಗ ಅದೇ ಮೊದಲು ಎದುರು ಬಂದು ನಿಲ್ಲುತ್ತದೆ. ನಮ್ಮ ಕಡೆ ಎಲ್ಲರೂ ಹಾಗೆಯೇ, ಮನೆಯೊಳಗಿನ ನೋವನ್ನು ಅಂಗಳಕ್ಕೆ ತರುವುದಿಲ್ಲ. ಮಗು ತೆಳ್ಳಗಾದದ್ದು ಕಾಣದಂತೆ ನಾನು ಅವಳ ಫ್ರಾಕುಗಳಿಗೆಲ್ಲ ಉಬ್ಬಿದ ತೋಳು ಇಟ್ಟು ಹೊಲಿಯತೊಡಗಿದೆ.

ಆದರೆ ಪಕ್ಕದ ಮನೆಯ ದೇವಕಿಯ ಕಣ್ಣು ತಪ್ಪಿಸಲು ಯಾರಿಂದಲೂ ಆಗುವುದಿಲ್ಲ. ಬುಟ್ಟಿ ಹೊತ್ತು ಊರೂರಿಗೆ ಮೀನು ಮಾರುವವಳು, ಮುಖ ನೋಡಿಯೇ ಮನೆಯ ಕಥೆ ಹೇಳುತ್ತಾಳೆ. ಒಂದು ದಿನ ಬಂಗಡೆ ಕೊಡುವ ನೆಪದಲ್ಲಿ ಅಂಗಳದಲ್ಲಿ ಕುಳಿತೇಬಿಟ್ಟಳು.

"ಎಂತಾ ರೋಜಿಬಾಯಿ, ಮುಖ ಎಂತಕೆ ಹಂಗ್ ಮಾಡ್ಕಂಡಿ? ಲೀನಾ ತಂಗಿಗೆ ಎಂತಾ ಆಗದೆ? ನಿನ್ನೆ ದಂಡಿಮ್ಯಾಲೆ ನಾಕ್ ಹೆಜ್ಜೆ ನಡಿಯೂದ್ರಾಗೇ ಕೂತ್ಕಂಡ್ಳು."

ನಾನು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಯಾರಿಗೂ ಹೇಳುವುದಿಲ್ಲ ಎಂದು ಅವಳಿಂದ ಆಣೆ ಹಾಕಿಸಿಕೊಂಡೆ. ಅವಳು ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿದಳು, ಹಾಕುವಾಗಲೇ ಮುಖ ಹುಳ್ಳಗೆ ಮಾಡಿದಳು.

ಆ ದಿನಗಳಲ್ಲಿ ನಾನು ಮಾತೆಯ ಹತ್ತಿರ ಪ್ರಾರ್ಥನೆ ಮಾಡಿದೆ ಎನ್ನುವುದಕ್ಕಿಂತ ಜಗಳ ಆಡಿದೆ ಎನ್ನುವುದೇ ಸರಿ. ಕೈಯಲ್ಲಿ ಜಪಸರ, ಬಾಯಲ್ಲಿ ಬೈಗುಳ. "ನಿನಗೆ ಹೂವಿಡುವವಳು ನಾನು, ನಿನ್ನ ಸೆರಗಿನ ಧೂಳು ಒರೆಸುವವಳು ನಾನು. ನನ್ನ ಮಗಳನ್ನೇ ಯಾಕೆ ಆರಿಸಿಕೊಂಡೆ? ನೀನೂ ತಾಯಿಯಲ್ಲವೇ?" ಎಂದು ಕೇಳಿದ್ದೇನೆ. ಹಾಗೆ ಬೈದದ್ದಕ್ಕೆ ನನಗೆ ಈಗಲೂ ನಾಚಿಕೆಯಿಲ್ಲ, ತಾಯಿಯನ್ನಲ್ಲದೆ ಮತ್ತೆ ಯಾರನ್ನು ಬೈಯುವುದು? ಅವಳು ಪೀಠದ ಮೇಲೆ ಎಂದಿನಂತೆ ಸ್ವಲ್ಪ ತಲೆ ಬಾಗಿಸಿ ಕೇಳುತ್ತಿದ್ದಳು.

ಇಗರ್ಜಿಯ ಸ್ಥಿತಿಯೂ ನಮ್ಮ ಮನೆಯ ಸ್ಥಿತಿಯೇ ಆಗಿತ್ತು. ಹಂಚು ಹೊತ್ತ ಮಾಡಿನ ಮರದ ಪಕಾಸಿಗಳನ್ನು ಗೆದ್ದಲು ತಿಂದು, ಹಂಚುಗಳು ಜಾರಿ, ಮಳೆಗಾಲದಲ್ಲಿ ಪೂಜೆಯ ಹೊತ್ತಿಗೆ ನಾವು ಸೋರದ ಜಾಗ ಹುಡುಕಿ ನಿಲ್ಲಬೇಕಿತ್ತು. ಹೊಸ ಮಾಡು ಹಾಕಿಸಬೇಕೆಂದು ಫಾದರ್ ಬಂದ ವರ್ಷದಿಂದಲೂ ಓಡಾಡುತ್ತಿದ್ದರು. ಏಪ್ರಿಲ್ ಕೊನೆಯ ಭಾನುವಾರ ಪೂಜೆಯ ನಂತರ ಅವರು ಹೇಳಿದರು: ಮುಂಬಯಿಯಲ್ಲಿ ಒಂದು ಧರ್ಮಸಂಸ್ಥೆ ಇದೆ, ಹಳ್ಳಿಯ ಬಡ ಇಗರ್ಜಿಗಳಿಗೆ ನೆರವಾಗುತ್ತದೆ, ಅಲ್ಲಿಂದ ಒಬ್ಬ ಮೇಡಂ ನಮ್ಮ ಇಗರ್ಜಿ ನೋಡಲು ಬರುತ್ತಾರೆ, ಅವರು ಕಣ್ಣಾರೆ ಕಂಡು ಹೂಂ ಎಂದರೆ ಮಾಡಿನ ಕೆಲಸ ಆದಂತೆಯೇ.

ಈ ಸುದ್ದಿ ದೇವಕಿಯ ಗಂಡ ಸೋಮನ ಕಿವಿಗೂ ಬಿತ್ತು. ಸೋಮ ತಾಂಡೇಲ, ಅಂದರೆ ದೋಣಿಯ ಯಜಮಾನ. ಸಮುದ್ರದ ಮೇಲೆ ಅವನ ಮಾತೇ ಮಾತು, ದಡದ ಮೇಲೂ ಅದು ಹಾಗೆಯೇ ಎಂದು ಅವನು ತಿಳಿದಿದ್ದಾನೆ. ಸಂಜೆ ನಾಲ್ಕು ಜನರನ್ನು ಕಟ್ಟಿಕೊಂಡು ಇಗರ್ಜಿಗೆ ಬಂದ.

"ಫಾದ್ರೆ, ಮುಂಬಯಿಂದ ನೆಂಟ್ರು ಬತ್ರಂತೆ. ಅವ್ರಿಗೆ ಈ ಸೋರೂ ಮಾಡು ತೋರ್ಸೂದಾ? ಊರ ಮರ್ಯಾದಿ ಎಂತಾಗ್ಬೇಕು?"

"ಸೋಮಣ್ಣ, ಸೋರುವುದನ್ನು ನೋಡಲಿಕ್ಕೇ ಅವರು ಬರುವುದು" ಎಂದರು ಫಾದರ್.

"ಅದೆಲ್ಲಾ ಆಗೂದಿಲ್ಲ. ನೀವ್ ಸುಮ್ಮಂಗಿರಿ. ನಾವ್ ಹೊದಿಸಿ ಕೊಡ್ತೆವು."

ನಮ್ಮ ಕಡೆ ಮಳೆಗಾಲ ಹತ್ತಿರ ಬಂತೆಂದರೆ ದೋಣಿಗಳನ್ನು ದಡದ ಮೇಲಕ್ಕೆ ಎಳೆದು, ಹೆಣೆದ ತೆಂಗಿನ ಮಡಲು ಹೊದಿಸಿ ಬಿಗಿಯುತ್ತಾರೆ. ಸಮುದ್ರಕ್ಕೆ ಹೋಗದ ಆ ತಿಂಗಳುಗಳಲ್ಲಿ ಎಷ್ಟು ಮಳೆ ಹೊಡೆದರೂ ದೋಣಿಯೊಳಗೆ ನೀರಿಳಿಯುವುದಿಲ್ಲ. ಸೋಮನ ಜನ ಅದೇ ರೀತಿಯಲ್ಲಿ, ಅದೇ ಗಂಟು ಹಾಕಿ, ಹಳೆಯ ಬಲೆಯ ಹಗ್ಗದಿಂದ ಇಡೀ ಇಗರ್ಜಿಯ ಮಾಡನ್ನು ಹೊದಿಸಿಬಿಟ್ಟರು. ಕ್ರೈಸ್ತರ ಮನೆಯವರಾದ ನಾವು ಕೈಕಟ್ಟಿ ಕೂರುತ್ತೇವೆಯೇ? ಗಂಡಸರು ಗೋಡೆಗೆ ಸುಣ್ಣ ಹೊಡೆದರು. ನಾನು ನೀಲಿ ಬಟ್ಟೆ ತಂದು, ಅಲ್ಲಲ್ಲಿ ಬಿಳಿ ನಕ್ಷತ್ರ ಹೊಲಿದು, ಪಕಾಸಿಗಳು ಕಾಣದ ಹಾಗೆ ಒಳಗಡೆ ಮೇಲ್ಕಟ್ಟು ಕಟ್ಟಿದೆ. ಶಾಲೆಯಿಂದ ಕುರ್ಚಿ ಬಂದವು. ಫಾದರ್ ತಲೆಯ ಮೇಲೆ ಕೈ ಹೊತ್ತು ನೋಡುತ್ತಾ ನಿಂತಿದ್ದರು, ಆದರೆ ಅಷ್ಟು ಉತ್ಸಾಹದಲ್ಲಿದ್ದ ಜನರಿಗೆ ಬೇಡವೆನ್ನಲು ಅವರಿಗೆ ಬಾಯಿ ಬರಲಿಲ್ಲ.

ಮೇಡಂ ಬಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ವಯಸ್ಸಾದವರು, ಬಿಳಿ ಕೂದಲು, ನಮ್ಮ ಹಾಗೆಯೇ ಕೊಂಕಣಿ ಮಾತು. ಕನ್ನಡ ಮಾತ್ರ ಬಾರದು. ನಾವು ಇಸ್ವಾಣ ಮೀನು ಹುರಿದಿದ್ದೆವು, ಸಿಗಡಿ ಸಾರು ಮಾಡಿದ್ದೆವು. ಮೇಡಂ ಎರಡು ಸಲ ಹಾಕಿಸಿಕೊಂಡು ಉಂಡರು. ಇಗರ್ಜಿಯೊಳಗೆ ಹೋಗಿ ನೀಲಿ ಬಟ್ಟೆ ನೋಡಿ "ಸ್ವರ್ಗದ ಹಾಗಿದೆ" ಎಂದರು. ಹೊರಗೆ ನಿಂತು ಮಾಡು ನೋಡಿ, ಗೋವೆಯ ದೊಡ್ಡ ಹೊಟೇಲುಗಳು ಹೀಗೆ ಕಾಣಲು ಎಷ್ಟೆಲ್ಲ ಕಷ್ಟಪಡುತ್ತವೆ ಎಂದರು. ಸೋಮ ಮೀಸೆ ತಿರುವಿಕೊಂಡ.

ಅಷ್ಟರಲ್ಲಿ ಮಳೆ ಬಂತು. ಮೇ ತಿಂಗಳಲ್ಲಿ ಗುಡುಗಿನ ಜೊತೆ ಸುರಿಯುವ ಜೋರು ಮಳೆ. ಎಲ್ಲರೂ ಇಗರ್ಜಿಯೊಳಗೆ ಓಡಿದೆವು. ಮೀನುಗಾರರ ಹೆಂಗಸರೂ ಬಂದು ಹಿಂದೆ ಗೋಡೆಗೊರಗಿ ನಿಂತರು. ನಾನು ಫಾದರ್ ಮುಖ ನೋಡಿದೆ. ಅವರು ಮೇಲೆ ನೋಡುತ್ತಿದ್ದರು. ಅವರ ಕಣ್ಣಿನಲ್ಲಿದ್ದದ್ದೇ ನನ್ನ ಮನಸ್ಸಿನಲ್ಲೂ ಇತ್ತು. "ಮಾತೆ, ಸೋರಿಸು. ಒಂದು ಹನಿ ಸಾಕು. ಮೇಡಂ ತಲೆಯ ಮೇಲೆ ಒಂದೇ ಒಂದು ಹನಿ ಬೀಳಿಸು." ಇಷ್ಟು ವರ್ಷ ಸೋರಬೇಡ ಎಂದು ಬೇಡಿದವಳು ಸೋರು ಎಂದು ಬೇಡಿದ್ದು ಅದೇ ಮೊದಲು. ಮಳೆ ಹೊಡೆದೇ ಹೊಡೆಯಿತು. ಒಂದು ಹನಿಯೂ ಬೀಳಲಿಲ್ಲ. ಸೋಮನ ಗಂಟು ಅಂದರೆ ಗಂಟು.

ಮಳೆ ನಿಲ್ಲುವವರೆಗೆ ಹೊರಡುವ ಹಾಗಿರಲಿಲ್ಲವಾದ್ದರಿಂದ ಮೇಡಂ ಅಲ್ಲೇ ಮಾತು ಮುಗಿಸಿದರು. ಬಹಳ ಪ್ರೀತಿಯಿಂದಲೇ ಹೇಳಿದರು. ನೀವು ಒಗ್ಗಟ್ಟಿನಿಂದ ಇಗರ್ಜಿಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ, ಇದಕ್ಕಿಂತ ಕಷ್ಟದಲ್ಲಿರುವ ಇಗರ್ಜಿಗಳನ್ನು ಈ ವಾರ ಕಂಡು ಬಂದಿದ್ದೇನೆ, ಈ ವರ್ಷದ ನೆರವು ಅವರಿಗೆ ಹೋಗಲಿ, ನೀವೂ ಒಪ್ಪುತ್ತೀರಿ ಅಲ್ಲವೇ ಎಂದರು. ನಾವು ತಲೆಯಾಡಿಸಿದೆವು. ಮತ್ತೇನು ಮಾಡುವುದು? ಅತಿಥಿಯ ಎದುರು, ಇಷ್ಟು ಹೊತ್ತು ನಾವು ತೋರಿಸಿದ್ದು ಬರೀ ಹೊರಗಿನ ಚೆಂದ ಎಂದು ಹೇಳಲು ಯಾರ ನಾಲಿಗೆಯೂ ಏಳಲಿಲ್ಲ. ಫಾದರ್ ಕೂಡ "ದೇವರ ಚಿತ್ತ" ಎಂದುಬಿಟ್ಟರು.

"ಎಂತಾ ಹೇಳಿದ್ರು ಅವ್ರು?" ಹಿಂದಿನಿಂದ ದೇವಕಿಯ ಧ್ವನಿ. ಯಾರೋ ಅವಳಿಗೆ ಕಿವಿಯಲ್ಲಿ ಹೇಳಿದರು. ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದು ಪೀಠದ ಮುಂದೆಯೇ ನಿಂತಳು. ಗಂಡ ಸೆರಗು ಹಿಡಿದು ಎಳೆದರೂ ನಿಲ್ಲಲಿಲ್ಲ.

"ಫಾದ್ರೆ, ನೀವ್ ಹೇಳೂದಿಲ್ಲ ಅಂದ್ರೆ ನಾ ಹೇಳ್ತೆ. ಅಮಾ, ಇದೆಲ್ಲಾ ಸುಳ್ಳು! ಮ್ಯಾಲೆ ನಮ್ಮ ಮಡ್ಲು, ಕೆಳಗೆ ಈ ರೋಜಿಬಾಯಿ ಬಟ್ಟೆ. ನಡುವೆ ಪಕಾಸಿ ಎಲ್ಲಾ ಹುಳ ತಿಂದು ಹಿಟ್ಟಾಗದೆ. ನೀವ್ ಬತ್ರಿ ಹೇಳಿ ಮುಚ್ಚಿಟ್ರು. ಮಾಡಿನ ಸುದ್ದಿ ಹೋಗ್ಲಿ ಬಿಡಿ. ಈ ತಂಗಿನ ನೋಡಿ! ಎದೇಲಿ ತೂತದೆ ಇದಕ್ಕೆ. ಮಳಿಗಾಲದ ಒಳಗೆ ಆಪರೇಷನ್ ಆಗ್ದೆ ಇದ್ರೆ ಉಳಿಯೂದಿಲ್ಲಂತೆ. ಅವ್ವ ತೋಳ್ ಉಬ್ಸಿ ಅಂಗಿ ಹೊಲ್ದು ಮಗಳನ್ನೂ ಮುಚ್ಚಿಟ್ಳು. ನಾ ಆಣಿ ಹಾಕಿದ್ದೆ. ಆಣಿ ಮುರ್ದ ಪಾಪ ನಂಗೇ ಬರ್ಲಿ."

ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು ನನಗೆ. ಇಡೀ ಊರು ನನ್ನ ಮಗಳ ಕಡೆ ತಿರುಗಿ ನೋಡುತ್ತಿತ್ತು. ಲೀನಾ ಬಂದು ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. ದೇವಕಿಯನ್ನು ಅಲ್ಲಿಯೇ ಹಿಡಿದು ಬಡಿಯುವಷ್ಟು ಸಿಟ್ಟು ಬಂದಿತ್ತು. ಮೇಡಂ ಫಾದರ್ ಕಡೆ ತಿರುಗಿ "ಆಕೆ ಏನು ಹೇಳಿದರು? ಒಂದು ಮಾತೂ ಬಿಡದೆ ಹೇಳಿ" ಎಂದರು. ಫಾದರಿಗೂ ಲೀನಾಳ ವಿಷಯ ಅದೇ ಹೊತ್ತಿಗೆ ತಿಳಿದದ್ದು. ಅವರು ನನ್ನನ್ನೊಮ್ಮೆ ನೋಡಿ, ಕೊಂಕಣಿಯಲ್ಲಿ ಎಲ್ಲವನ್ನೂ ಹೇಳಿದರು.

ಮೇಡಂ ಎದ್ದು ಬಂದು ನನ್ನ ಎದುರಿಗೆ ನೆಲದ ಮೇಲೆಯೇ ಕುಳಿತರು. ಲೀನಾಳ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ಸಂಸ್ಥೆ ಇಗರ್ಜಿಗೂ ಕೊಡುತ್ತದೆ, ಇಗರ್ಜಿಯ ಸುತ್ತಲಿನ ಜನರ ಕಷ್ಟಕ್ಕೂ ಕೊಡುತ್ತದೆ. ಆದರೆ ಒಂದು ಊರಿಗೆ ವರ್ಷಕ್ಕೆ ಒಂದೇ ಕೆಲಸ. ಯಾವುದೆಂದು ಊರೇ ಹೇಳಬೇಕು, ನಾನು ಹೇಳುವಂತಿಲ್ಲ. ಮಾಡೋ, ಈ ಮಗುವೋ?"

ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ನನ್ನ ಮಗಳಿಗೆ ಕೊಡಿ ಎಂದು ಹೇಗೆ ಕೇಳಲಿ? ಆ ಮಾಡಿಗಾಗಿ ಎಲ್ಲರೂ ಎಷ್ಟು ವರ್ಷ ಕಾದಿದ್ದರು! ಪಾಸ್ಕು ತಲೆ ತಗ್ಗಿಸಿದ್ದರು. ಮೊದಲು ಮಾತಾಡಿದ್ದು ಸೋಮ. ಫಾದರ್ ಅವನಿಗೆ ಕನ್ನಡದಲ್ಲಿ ವಿಷಯ ತಿಳಿಸುತ್ತಿದ್ದಂತೆಯೇ ಅವನು ಕೈ ಬೀಸಿಬಿಟ್ಟ.

"ಅದ್ರಾಗೆ ಕೇಳೂದೆಂತಾ? ಮಾಡು ನಮ್ಗೆ ಬಿಡಿ. ವರ್ಷಾ ವರ್ಷಾ ನಮ್ಮ ದೋಣಿ ಹೊದಿಸ್ತೆವಲ್ಲಾ? ಒಂದ್ ದೋಣಿ ಹೆಚ್ಚು ಅಂದ್ಕಂಡ್ರಾಯ್ತು."

ಎಲ್ಲರೂ ಫಾದರ್ ಕಡೆ ನೋಡಿದೆವು. ಆ ಮಾಡಿಗಾಗಿ ಚಪ್ಪಲಿ ಸವೆಸಿದವರು ಅವರೇ. ಅವರು ಮೇಲೆ ಕಟ್ಟಿದ್ದ ನೀಲಿ ಬಟ್ಟೆಯನ್ನೊಮ್ಮೆ ನೋಡಿ ನಕ್ಕರು. "ಮಾತೆಗೆ ಮಡಲು ಸಾಕು. ಅವಳ ಮಗ ಹುಟ್ಟಿದ್ದು ಹಂಚಿನ ಮಾಡಿನ ಕೆಳಗಲ್ಲ" ಎಂದರು. ದೇವಕಿ ನನ್ನ ಹತ್ತಿರ ಬಂದಳು. ಅವಳನ್ನು ಬಡಿಯಬೇಕೆಂದುಕೊಂಡಿದ್ದವಳು ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವಳ ಸೀರೆಯ ಮೀನಿನ ವಾಸನೆ ಈಗಲೂ ನೆನಪಿದೆ.

ಪ್ರಿಯರೇ, ಒಂದು ಮಾತನ್ನು ನಾನು ಇಲ್ಲಿ ಹೇಳಲೇಬೇಕು. ಆ ಮಳೆಯಲ್ಲಿ ನಾನು ಮಾಡಿದ ಪ್ರಾರ್ಥನೆಯನ್ನು ಮಾತೆ ಕೇಳಲಿಲ್ಲ. ಒಂದು ಹನಿ ಸೋರಿದ್ದರೆ ಮೇಡಂ ಮೇಲೆ ನೋಡುತ್ತಿದ್ದರು, ಹೊಸ ಮಾಡು ಕೊಡುತ್ತೇವೆ ಎನ್ನುತ್ತಿದ್ದರು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ನನ್ನ ಮಗಳ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮಾತೆ ಆ ಒಂದು ಹನಿಯನ್ನು ತಡೆದು ಹಿಡಿದದ್ದು ಯಾಕೆಂದು ನನಗೆ ಆಮೇಲೆ ಅರ್ಥವಾಯಿತು. ಸಿಗದೇ ಹೋದದ್ದಕ್ಕೆ ಅಳುತ್ತಿರುವವರು ನಿಮ್ಮಲ್ಲಿ ಇದ್ದರೆ ಸ್ವಲ್ಪ ತಾಳಿರಿ ಎಂದಷ್ಟೇ ಹೇಳುತ್ತೇನೆ.

ಮಳೆಗಾಲ ಹಿಡಿಯುವ ಮೊದಲೇ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಬಾಗಿಲಿನ ಹೊರಗೆ ಕುಳಿತ ಹೊತ್ತು ಹೇಗೆ ಕಳೆಯಿತೆಂದು ಹೇಳಲಾರೆ. ಜಪಸರದ ಮಣಿಗಳು ಬೆವರಿಗೆ ಜಾರುತ್ತಿದ್ದವು. ಪಾಸ್ಕು ತಂದ ಚಹಾ ಆರಿ ತಣ್ಣಗಾಯಿತು. ಕೊನೆಗೆ ಡಾಕ್ಟರು ಬಾಯಿಗೆ ಕಟ್ಟಿದ್ದ ಬಟ್ಟೆ ಇಳಿಸಿ "ತೂತು ಮುಚ್ಚಿದೆ, ಮಗು ಚೆನ್ನಾಗಿದ್ದಾಳೆ" ಎಂದರು. ನನ್ನ ಗಂಡ ಆ ಡಾಕ್ಟರ ಕಾಲು ಹಿಡಿಯಲು ಹೋದರು, ಅವರು ಹಿಡಿಯಗೊಡಲಿಲ್ಲ.

ಆ ಮಳೆಗಾಲವನ್ನು ನಮ್ಮ ಇಗರ್ಜಿ ಮಡಲಿನ ಕೆಳಗೇ ಕಳೆಯಿತು. ಮರುವರ್ಷ ಸೋಮ ಕರೆಯದೆಯೇ ಬಂದ. ಮೇಡಂ ಅವರ ಸಂಸ್ಥೆಯವರೂ ಮರೆಯದೆ ಮತ್ತೆ ಕೇಳಿ ಕಳುಹಿಸಿದರು: ಈ ವರ್ಷವಾದರೂ ಮಾಡು ಬೇಕೇ? ಅಷ್ಟರಲ್ಲಿ ಫಾದರಿಗೆ ರಾಮನಗುಳಿಯ ಕಡೆಯ ಒಂದು ಹಿಂದೂ ಮನೆಯ ಮಗುವಿನ ಸುದ್ದಿ ಬಂದಿತ್ತು. ನಾಗವೇಣಿ ಎಂಬ ಹುಡುಗಿ, ಅವಳಿಗೂ ಲೀನಾಳದೇ ಕಾಯಿಲೆ. ಪೂಜೆಯ ನಂತರ ಫಾದರ್ ಕೇಳಿದಾಗ ಒಬ್ಬರೂ ಮಾಡು ಬೇಕೆನ್ನಲಿಲ್ಲ. ಹೀಗೆ ಆ ಸಂಸ್ಥೆಯ ನೆರವಿನಿಂದ ಇಂದಿಗೂ ನಮ್ಮ ಇಗರ್ಜಿಯ ಹೆಸರಿನಲ್ಲಿ ಸುತ್ತಲಿನ ಹಳ್ಳಿಯ ಮಕ್ಕಳು ಮಂಗಳೂರಿಗೆ ಹೋಗಿ ಬರುತ್ತಿದ್ದಾರೆ. ಪಕಾಸಿಗಳಿಗೆ ನಮ್ಮವರೇ ಸೇರಿ ಅಷ್ಟಿಷ್ಟು ಹೊಸ ಮರ ಕೊಟ್ಟಿದ್ದೇವೆ. ಮೇಲೆ ಮಾತ್ರ ಮಡಲೇ.

ನಾಗವೇಣಿಯ ತಾಯಿ ಗಂಗೆ ಅಂಕೋಲಾ ದಾಟಿದವಳಲ್ಲ. ದಾರಿ ಬಲ್ಲವಳೆಂದು ನಾನೇ ಅವರ ಜೊತೆ ಹೊರಟೆ. ಶಾಲೆಗೆ ರಜೆಯಿದ್ದ ಕಾರಣ ಲೀನಾಳೂ ಬಂದಳು. ಆಗ ಅವಳ ಮೈ ತುಂಬಿಕೊಂಡಿತ್ತು, ಎತ್ತರವೂ ಆಗಿದ್ದಳು. ಆಪರೇಷನ್ನಿನ ಗುರುತು ಎದೆಯ ನಡುವೆ ಮೇಲಿನವರೆಗೂ ಇದ್ದುದರಿಂದ ನಾನು ಅವಳಿಗೆ ಕುತ್ತಿಗೆ ಮುಚ್ಚುವ ಅಂಗಿಗಳನ್ನೇ ಹೊಲಿಯುತ್ತಿದ್ದೆ, ಎಷ್ಟು ಸೆಕೆಯಿದ್ದರೂ ಅವಳು ಗುಂಡಿ ಬಿಚ್ಚದಂತೆ ನೋಡಿಕೊಳ್ಳುತ್ತಿದ್ದೆ.

ಆಪರೇಷನ್ನಿನ ಬೆಳಿಗ್ಗೆ ನಾಗವೇಣಿ ಮಂಚದ ಕಂಬಿ ಹಿಡಿದುಕೊಂಡು ಬಿಡಲೊಲ್ಲೆ ಎಂದಳು. ನರ್ಸಮ್ಮ ಪುಸಲಾಯಿಸಿದರು, ಗಂಗೆ ಗದರಿದಳು, ಆಮೇಲೆ ತಾನೂ ಅಳತೊಡಗಿದಳು. "ನನ್ನನ್ನು ಕೊಯ್ತರೆ, ನಾ ಸಾಯ್ತೆ" ಎಂದು ಮಗು ಕೂಗುತ್ತಿತ್ತು. ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು. ಆಗ ಲೀನಾ ಮಂಚದ ಮೇಲೆ ಹತ್ತಿ ಅವಳ ಎದುರಿಗೆ ಕುಳಿತಳು. ಕುತ್ತಿಗೆಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಅಂಗಿಯನ್ನು ಸ್ವಲ್ಪ ಸರಿಸಿದಳು.

"ಇಲ್ನೋಡು. ನಂಗೂ ಕೊಯ್ದಿದ್ರು. ನಾ ಸತ್ನಾ? ಈಗ ಸೈಕಲ್ ಹೊಡೀತೆ."

ನಾಗವೇಣಿ ಅಳು ನಿಲ್ಲಿಸಿ ನೋಡಿದಳು. ಕಂಬಿ ಬಿಟ್ಟು, ಬೆರಳಿನಿಂದ ಆ ಗೆರೆಯನ್ನು ಮೇಲಿನಿಂದ ಕೆಳಗೆ ಮುಟ್ಟಿದಳು. "ನೋಯ್ತದಾ?" ಎಂದು ಕೇಳಿದಳು. "ಇಲ್ಲ" ಎಂದಳು ನನ್ನ ಮಗಳು. ಗುಂಡಿ ಹಾಕಲು ಮುಂದೆ ಚಾಚಿದ್ದ ನನ್ನ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.

ನಾಗವೇಣಿ ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ. ಆ ಸಲ ಮಂಗಳೂರಿನಿಂದ ಊರಿಗೆ ಬಂದವಳೇ ನಾನು ಲೀನಾಳಿಗೆ ಒಂದು ಹೊಸ ಚೂಡಿದಾರ ಕತ್ತರಿಸಿದೆ. ಊರಿನ ಉಳಿದ ಹುಡುಗಿಯರಿಗೆ ಇಡುವ ಹಾಗೆಯೇ ಅದಕ್ಕೂ ತೆರೆದ ಕುತ್ತಿಗೆ ಇಟ್ಟೆ. ಮರುದಿನ ಭಾನುವಾರ ಅದನ್ನೇ ಹಾಕಿಕೊಂಡು ಅವಳು ಪೂಜೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತಳು. ತಾಯೇ, ನಿನಗೆ ವಂದನೆ.